ರಿಪೋರ್ಟಿನಲ್ಲಿ ದಪ್ಪ ಅಕ್ಷರದ ಯೂರಿಕ್ ಆಸಿಡ್

ನಮ್ಮ ಹಾಸನದಲ್ಲಿ 2025ರ ಜೂನ್ ಆದ ಮೇಲೆ ರಕ್ತ ಪರೀಕ್ಷೆ ಮಾಡಿಸದೆ ಉಳಿದವರು ಕಮ್ಮಿ. ಒಂದರ ಹಿಂದೆ ಒಂದು ಹಾರ್ಟ್ ಅಟ್ಯಾಕ್ ಸುದ್ದಿ, ಅದರಲ್ಲೂ ಸಣ್ಣ ವಯಸ್ಸಿನವರದು. ಟಿವಿ ಹಾಕಿದರೆ ಅದೇ, ವಾಟ್ಸಾಪ್ ತೆಗೆದರೂ ಅದೇ. ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಉದ್ದುದ್ದ ಕ್ಯೂ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೆ ಹೋದಾಗಲೂ ಜನ ಹೀಗೇ ಆಸ್ಪತ್ರೆಗಳಿಗೆ ನುಗ್ಗಿದ್ದರು. ಹಾಸನದ ಸಾವುಗಳ ಬಗ್ಗೆ ಸರ್ಕಾರ ಒಂದು ಸಮಿತಿ ಮಾಡಿತು. ಅಸಹಜವಾದ ಏರಿಕೆ ಏನೂ ಕಾಣಲಿಲ್ಲ ಎಂದು ಅದರ ವರದಿ ಹೇಳಿತು. ಆದರೆ ವರದಿ ಬರುವ ಹೊತ್ತಿಗೆ ಭಯ ಮನೆಮನೆಗೂ ತಲುಪಿಯಾಗಿತ್ತು.

ಭಯದ ಹಿಂದೆಯೇ ಬಂದದ್ದು ಪ್ಯಾಕೇಜು. ಮನೆಗೇ ಬಂದು ರಕ್ತ ತೆಗೆದುಕೊಂಡು ಹೋಗುತ್ತಾರೆ, ಸಂಜೆಯೊಳಗೆ ಮೊಬೈಲಿಗೆ ಪಿಡಿಎಫ್. ಪುಟಗಟ್ಟಲೆ ಸಂಖ್ಯೆಗಳು. ಹೆಚ್ಚುಕಮ್ಮಿ ಇರುವುದನ್ನೆಲ್ಲ ದಪ್ಪ ಅಕ್ಷರದಲ್ಲಿ, ಕೆಲವರು ಕೆಂಪು ಬಣ್ಣದಲ್ಲಿ ಹಾಕಿರುತ್ತಾರೆ. ಆ ದಪ್ಪ ಅಕ್ಷರಗಳ ಸಾಲಿನಲ್ಲಿ ಯೂರಿಕ್ ಆಸಿಡ್ ಆಗಾಗ ಸಿಗುತ್ತದೆ. ನಾನು ನಡೆಸುವುದು ಒಂದು ಮೆಡಿಕಲ್ ಶಾಪ್. ಜನ ಡಾಕ್ಟರ ಹತ್ತಿರ ಕೇಳಲು ಸಂಕೋಚಪಡುವುದನ್ನೆಲ್ಲ ನಮ್ಮ ಕೌಂಟರಿನ ಮೇಲೆ ಮೊಬೈಲ್ ಇಟ್ಟು ಕೇಳುತ್ತಾರೆ. 'ಯೂರಿಕ್ ಆಸಿಡ್ ಬಂದಿದೆ ಅಂತೆ, ಹಾರ್ಟಿಗೆ ಏನಾದ್ರೂ ಆಗತ್ತಾ?' ಇತ್ತೀಚೆಗೆ ಜಾಸ್ತಿ ಕೇಳುವ ಪ್ರಶ್ನೆ ಇದೇ.

ಆಗತ್ತಾ ಅಂದರೆ, ಯೂರಿಕ್ ಆಸಿಡ್ ಜಾಸ್ತಿ ಇರುವವರಿಗೆ ಹೃದಯದ ಕಾಯಿಲೆಯೂ ಜಾಸ್ತಿ, ಅದು ನಿಜ. ಆದರೆ ಮಾತ್ರೆ ನುಂಗಿ ಯೂರಿಕ್ ಆಸಿಡ್ ಇಳಿಸಿದರೆ ಹೃದಯ ಉಳಿಯುತ್ತದೆ ಎನ್ನುವುದು ನಿಜವಲ್ಲ. ಈ ಎರಡು ಮಾತಿನ ನಡುವೆ ಎಷ್ಟು ದೊಡ್ಡ ಅಂತರ ಇದೆ ಎನ್ನುವುದನ್ನು ಕೌಂಟರಿನಲ್ಲಿ ನಿಂತು ಹೇಳಲು ಆಗುವುದಿಲ್ಲ. ಹಿಂದೆ ನಿಂತವರು ಕ್ರೋಸಿನ್ ಕೇಳುತ್ತಿರುತ್ತಾರೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಇದು ಏನು ಅಂತ ನೋಡೋಣ. ನಮ್ಮ ಜೀವಕೋಶಗಳಲ್ಲಿ ಪ್ಯೂರಿನ್ ಎಂಬ ವಸ್ತು ಇರುತ್ತದೆ. ಡಿಎನ್‌ಎ ಆಗುವುದಕ್ಕೂ ಅದು ಬೇಕು. ಹಳೆಯ ಕೋಶಗಳು ಸತ್ತಾಗ ಆ ಪ್ಯೂರಿನ್ ಒಡೆದು ಕೊನೆಗೆ ಉಳಿಯುವುದೇ ಯೂರಿಕ್ ಆಸಿಡ್. ದಿನಕ್ಕೆ ತಯಾರಾಗುವುದರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ನಮ್ಮ ಮೈಯೊಳಗಿನದೇ. ಊಟದಿಂದ ಬರುವುದು ಇನ್ನುಳಿದ ಒಂದು ಪಾಲು. ಹೊರಗೆ ಹಾಕುವ ಕೆಲಸ ಬಹುಪಾಲು ಕಿಡ್ನಿಯದು, ಸ್ವಲ್ಪ ಕರುಳಿನದು. ಹೆಚ್ಚಿನ ಜನರಲ್ಲಿ ಯೂರಿಕ್ ಆಸಿಡ್ ಏರುವುದು ತಿಂದದ್ದು ಜಾಸ್ತಿಯಾಗಿ ಅಲ್ಲ, ಕಿಡ್ನಿ ಹೊರಗೆ ಹಾಕುವುದು ಕಮ್ಮಿಯಾಗಿ.

ದನ, ಇಲಿ, ಬೆಕ್ಕುಗಳಿಗೆ ಈ ತಾಪತ್ರಯ ಇಲ್ಲ. ಅವುಗಳ ಮೈಯಲ್ಲಿ ಯೂರಿಕೇಸ್ ಎಂಬ ಕಿಣ್ವ ಇದ್ದು, ಯೂರಿಕ್ ಆಸಿಡನ್ನು ಇನ್ನೂ ಒಡೆದು ನೀರಿನಲ್ಲಿ ಸುಲಭವಾಗಿ ಕರಗುವ ವಸ್ತು ಮಾಡುತ್ತದೆ. ಮನುಷ್ಯ ಮತ್ತು ದೊಡ್ಡ ವಾನರಗಳ ವಂಶ ಕೋಟ್ಯಂತರ ವರ್ಷಗಳ ಹಿಂದೆಯೇ ಆ ಕಿಣ್ವವನ್ನು ಕಳೆದುಕೊಂಡಿತು. ಹಾಗಾಗಿ ಬೇರೆ ಪ್ರಾಣಿಗಳಿಗಿಂತ ನಮ್ಮ ರಕ್ತದಲ್ಲಿ ಇದು ಸಹಜವಾಗಿಯೇ ಜಾಸ್ತಿ. ಡೆಸಿಲೀಟರಿಗೆ 6.8 ಮಿಲಿಗ್ರಾಂ ದಾಟಿದರೆ ಹರಳುಗಟ್ಟುವ ಸಾಧ್ಯತೆ ಶುರು. ಲ್ಯಾಬಿನವರು ಗಂಡಸರಿಗೆ 7ರ ಆಸುಪಾಸು, ಹೆಂಗಸರಿಗೆ 6ರ ಆಸುಪಾಸು ಗೆರೆ ಎಳೆಯುತ್ತಾರೆ. ಗೆರೆ ದಾಟಿದವರಿಗೆಲ್ಲ ಹರಳು ಕಟ್ಟುವುದಿಲ್ಲ. ಬಹಳ ಜನ 8 ಇಟ್ಟುಕೊಂಡು ಏನೂ ಆಗದೆ ಬದುಕುತ್ತಾರೆ. ಕೆಲವರಿಗೆ ಮಾತ್ರ ಕಾಲಿನ ಹೆಬ್ಬೆರಳಿನ ಕೀಲಿನಲ್ಲಿ ಹರಳು ಕೂತು, ಒಂದು ರಾತ್ರಿ ಬೆಂಕಿ ಇಟ್ಟ ಹಾಗೆ ಉರಿಯುತ್ತದೆ. ಅದು ಗೌಟ್. ಹೊದಿಕೆ ತಾಗಿದರೂ ಕೂಗಿಕೊಳ್ಳುವಂಥ ನೋವು.

ಯೂರಿಕ್ ಆಸಿಡ್ ಮೇಲೆ ಅನುಮಾನ ಹೊಸದಲ್ಲ. 1848ರಲ್ಲಿ ಲಂಡನ್ನಿನ ಡಾಕ್ಟರ್ ಆಲ್ಫ್ರೆಡ್ ಗ್ಯಾರಡ್ ಗೌಟ್ ರೋಗಿಗಳ ರಕ್ತದಲ್ಲಿ ಇದು ಜಾಸ್ತಿ ಇರುವುದನ್ನು ತೋರಿಸಿದ. ಆಮೇಲೆ ಅವನು ಕಂಡುಹಿಡಿದ ಪರೀಕ್ಷೆ ನನಗೆ ಬಹಳ ಇಷ್ಟ. ರಕ್ತದ ತಿಳಿಗೆ ಸ್ವಲ್ಪ ಆಮ್ಲ ಹಾಕಿ, ಒಂದು ಎಳೆ ದಾರ ಬಿಟ್ಟು ಹಾಗೇ ಇಡುವುದು. ಯೂರಿಕ್ ಆಸಿಡ್ ಜಾಸ್ತಿ ಇದ್ದರೆ ದಾರದ ಮೇಲೆ ಹರಳು ಕೂರುತ್ತದೆ. 1870ರ ದಶಕದಲ್ಲಿ ಫ್ರೆಡರಿಕ್ ಅಕ್ಬರ್ ಮೊಹಮದ್ ಎಂಬ ಡಾಕ್ಟರ್ ಇದನ್ನು ರಕ್ತದೊತ್ತಡದ ಜೊತೆ ಗಂಟು ಹಾಕಿದ. ಹೆಸರು ನೋಡಿ ಆಶ್ಚರ್ಯ ಆಯಿತಾ? ಪಟ್ನಾದಿಂದ ಹೋಗಿ 1810ರಲ್ಲಿ ಲಂಡನ್ನಿನಲ್ಲಿ ಭಾರತದ ಊಟದ ಹೋಟೆಲ್ ತೆರೆದ ಸೇಕ್ ದೀನ್ ಮೊಹಮದ್ ಅವರ ಮೊಮ್ಮಗ ಇವನು.

1890ರ ದಶಕಕ್ಕೆ ಬಂದರೆ ಅಲೆಕ್ಸಾಂಡರ್ ಹೇಗ್. ಇವನೂ ಲಂಡನ್ನಿನವನೇ. ತನ್ನ ಅರೆತಲೆನೋವು ಮಾಂಸ ಬಿಟ್ಟಾಗ ಕಮ್ಮಿಯಾಯಿತು ಎಂದು, ತಲೆನೋವಿನಿಂದ ಹಿಡಿದು ಮನಸ್ಸಿನ ಬೇಸರದವರೆಗೆ ಎಲ್ಲಕ್ಕೂ ಯೂರಿಕ್ ಆಸಿಡ್ಡೇ ಕಾರಣ ಎಂದು ಹೇಳಿಬಿಟ್ಟ. ಮಾಂಸ, ಕಾಫಿ, ಟೀ, ಬೇಳೆಕಾಳು ಎಲ್ಲ ಬಿಡಿ ಎಂದ. ನಮ್ಮ ವಾಟ್ಸಾಪ್ ಸಂದೇಶಗಳನ್ನು ಓದಿದರೆ ಹೇಗ್ ಇನ್ನೂ ಬದುಕಿದ್ದಾನೆ ಅನ್ನಿಸುತ್ತದೆ.

ಹೃದಯದ ಲೆಕ್ಕ ಸರಿಯಾಗಿ ಶುರುವಾದದ್ದು ದೊಡ್ಡ ಅಧ್ಯಯನಗಳು ಬಂದ ಮೇಲೆ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಎಂಬ ಊರಿನ ಜನರನ್ನು 1948ರಿಂದ ಹಿಂಬಾಲಿಸುತ್ತಿದ್ದಾರೆ. ಬಿಪಿ, ಕೊಲೆಸ್ಟ್ರಾಲ್, ಸಿಗರೇಟು ಹೃದಯಕ್ಕೆ ಕೆಟ್ಟದ್ದು ಎಂಬ ತಿಳಿವಳಿಕೆಯಲ್ಲಿ ದೊಡ್ಡ ಪಾಲು ಬಂದದ್ದು ಅಲ್ಲಿಂದ. 1999ರಲ್ಲಿ ಅವರು 6,763 ಜನರ ಲೆಕ್ಕ ತೆಗೆದು, ಬಿಪಿ ಮತ್ತು ಅದಕ್ಕೆ ಕೊಡುವ ಮಾತ್ರೆಗಳಂಥ ಉಳಿದ ಸಂಗತಿಗಳನ್ನು ಪಕ್ಕಕ್ಕಿಟ್ಟರೆ ಯೂರಿಕ್ ಆಸಿಡ್ಡಿನದೇ ಅಂತ ಪಾತ್ರ ಉಳಿಯುವುದಿಲ್ಲ ಎಂದರು. ಮರುವರ್ಷವೇ ಅಮೆರಿಕದ ಇನ್ನೊಂದು ಅಧ್ಯಯನ, ಸುಮಾರು 6 ಸಾವಿರ ಜನರದು, ಇಲ್ಲ, ಅದರದೇ ಪಾತ್ರ ಇದೆ ಎಂದಿತು. ಈ ಜಗಳ ಪೂರ್ತಿ ನಿಂತಿಲ್ಲ. ಇಟಲಿಯ ಕೆಲವು ತಜ್ಞರು ಲ್ಯಾಬಿನ ಗೆರೆಗಿಂತ ಕೆಳಗೆಯೇ ಹೃದಯಕ್ಕೆ ಅಪಾಯ ಶುರು ಎಂದು ಈಗಲೂ ವಾದಿಸುತ್ತಾರೆ.

ಅನುಮಾನಪಡುವವರ ಕೈಯಲ್ಲಿ ಗಟ್ಟಿ ಸಾಕ್ಷಿಗಳೂ ಇದ್ದವು. ಇಲಿಗಳ ಯೂರಿಕೇಸ್ ಕಿಣ್ವ ತಡೆದು ಯೂರಿಕ್ ಆಸಿಡ್ ಏರಿಸಿದರೆ ಬಿಪಿ ಏರಿತು. 2008ರಲ್ಲಿ ಆಗತಾನೆ ಬಿಪಿ ಪತ್ತೆಯಾದ 30 ಹದಿಹರೆಯದವರಿಗೆ ಅಲೋಪ್ಯೂರಿನಾಲ್ ಕೊಟ್ಟು ನೋಡಿದರು. ಯೂರಿಕ್ ಆಸಿಡ್ ತಯಾರಿಯನ್ನೇ ತಡೆಯುವ ಮಾತ್ರೆ ಅದು. ಅವರ ಬಿಪಿ ಇಳಿಯಿತು! ರಕ್ತನಾಳ ಸಡಿಲವಾಗಲು ಬೇಕಾದ ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಯೂರಿಕ್ ಆಸಿಡ್ ಕಮ್ಮಿ ಮಾಡುತ್ತದೆ ಎಂಬ ವಿವರಣೆಯೂ ಇತ್ತು. ಕೇಳಿದರೆ ಯಾರಾದರೂ ನಂಬಬೇಕು.

ಆದರೆ 30 ಹುಡುಗರ ಪ್ರಯೋಗದಿಂದ ಊರಿಗೆಲ್ಲ ಮಾತ್ರೆ ಕೊಡಲಾಗುವುದಿಲ್ಲ. ಇದನ್ನು ಇತ್ಯರ್ಥ ಮಾಡಲು ಎರಡು ದಾರಿ ಹಿಡಿದರು. ಒಂದು ವಂಶವಾಹಿಯ ದಾರಿ. ಕೆಲವರಿಗೆ ಹುಟ್ಟಿನಿಂದಲೇ ಯೂರಿಕ್ ಆಸಿಡ್ ಜಾಸ್ತಿ ಇರಿಸುವ ಜೀನ್ ಬಂದಿರುತ್ತದೆ. ಅವರು ದಪ್ಪಗಿರಬೇಕು, ಕುಡಿಯಬೇಕು ಅಂತೇನಿಲ್ಲ. ಯೂರಿಕ್ ಆಸಿಡ್ಡೇ ಹೃದಯ ಹಾಳು ಮಾಡುವುದಾದರೆ ಇಂಥವರಿಗೆ ಹಾರ್ಟ್ ಅಟ್ಯಾಕ್ ಜಾಸ್ತಿ ಆಗಬೇಕಿತ್ತು. ಗೌಟ್ ಏನೋ ಜಾಸ್ತಿ ಬರುತ್ತದೆ. ಹೃದಯದ ಕಾಯಿಲೆ ಜಾಸ್ತಿ ಬರುವುದು ಮಾತ್ರ ಇಂಥ ಹೆಚ್ಚಿನ ಅಧ್ಯಯನಗಳಲ್ಲಿ ಕಂಡಿಲ್ಲ.

ಇನ್ನೊಂದು ನೇರವಾದ ದಾರಿ. ಬ್ರಿಟನ್ನಿನಲ್ಲಿ ಆಲ್-ಹಾರ್ಟ್ ಎಂಬ ಪ್ರಯೋಗ ಮಾಡಿದರು. 60 ದಾಟಿದ, ಈಗಾಗಲೇ ಹೃದಯದ ರಕ್ತನಾಳದ ಕಾಯಿಲೆ ಇರುವ, ಗೌಟ್ ಇಲ್ಲದ 5,721 ಜನ. ಅರ್ಧ ಜನರಿಗೆ ಇರುವ ಔಷಧಿಯ ಜೊತೆಗೆ ದಿನಕ್ಕೆ 600 ಮಿಲಿಗ್ರಾಂವರೆಗೆ ಅಲೋಪ್ಯೂರಿನಾಲ್. ಉಳಿದವರಿಗೆ ಇಲ್ಲ. ಸರಾಸರಿ ಐದು ವರ್ಷದ ಹತ್ತಿರ ಹತ್ತಿರ ಕಾದು ನೋಡಿದರು. 2022ರಲ್ಲಿ ಫಲಿತಾಂಶ ಬಂತು. ಹಾರ್ಟ್ ಅಟ್ಯಾಕ್, ಸ್ಟ್ರೋಕ್, ಹೃದಯದ ಕಾಯಿಲೆಯಿಂದ ಸಾವು ಮೂರೂ ಸೇರಿಸಿದರೆ ಮಾತ್ರೆ ತಗೊಂಡವರಲ್ಲಿ 100ಕ್ಕೆ 11.0, ತಗೊಳ್ಳದವರಲ್ಲಿ 11.3. ಅಂದರೆ ಏನೂ ವ್ಯತ್ಯಾಸ ಇಲ್ಲ. ಮಾತ್ರೆ ಯೂರಿಕ್ ಆಸಿಡನ್ನು ಇಳಿಸಿದ್ದು ನಿಜ, ಹೆಚ್ಚುಕಮ್ಮಿ ಅರ್ಧಕ್ಕೇ ಇಳಿಸಿತ್ತು. ಹೃದಯಕ್ಕೆ ಅದರ ಗೊಡವೆಯೇ ಇರಲಿಲ್ಲ. ಈ ಪ್ರಯೋಗಕ್ಕೂ ಕೊರತೆಗಳಿವೆ. ಅರ್ಧಕ್ಕಿಂತ ಜಾಸ್ತಿ ಜನ ನಡುವೆಯೇ ಮಾತ್ರೆ ಬಿಟ್ಟರು. ಯೂರಿಕ್ ಆಸಿಡ್ ಜಾಸ್ತಿ ಇದ್ದವರನ್ನೇ ಆರಿಸಿಕೊಂಡಿರಲಿಲ್ಲ. ಆದರೂ ಇದಕ್ಕಿಂತ ದೊಡ್ಡ ಉತ್ತರ ಈ ಪ್ರಶ್ನೆಗೆ ಸಿಕ್ಕಿಲ್ಲ. ಕಿಡ್ನಿ ಹಾಳಾಗುವುದನ್ನು ಇದೇ ಮಾತ್ರೆ ತಡೆಯುತ್ತದಾ ಎಂದು 2020ರಲ್ಲಿ ಎರಡು ಪ್ರಯೋಗ ಬಂದವು. ಅಲ್ಲೂ ಇಲ್ಲ.

ಹಾಗಿದ್ದರೆ ಯೂರಿಕ್ ಆಸಿಡ್ ಜಾಸ್ತಿ ಇರುವವರಿಗೆ ಹೃದಯದ ಕಾಯಿಲೆ ಯಾಕೆ ಜಾಸ್ತಿ? ಅದರ ಸಹವಾಸ ಸರಿಯಿಲ್ಲ, ಅದಕ್ಕೆ. ಕಳ್ಳರ ಗುಂಪಿನ ಜೊತೆ ಯಾವಾಗಲೂ ಕಾಣಿಸಿಕೊಳ್ಳುವ ಒಬ್ಬನ ಹಾಗೆ. ಕನ್ನ ಹಾಕಿದವನು ಅವನೇ ಅಂತಲ್ಲ, ಆದರೆ ಅವನು ಕಂಡರೆ ಗುಂಪು ಇಲ್ಲೇ ಎಲ್ಲೋ ಇದೆ. ಹೊಟ್ಟೆ ಬಂದಿದ್ದರೆ ಇನ್ಸುಲಿನ್ ಜಾಸ್ತಿಯಾಗಿ, ಅದು ಕಿಡ್ನಿಗೆ ಯೂರಿಕ್ ಆಸಿಡ್ ಹಿಡಿದಿಟ್ಟುಕೋ ಎನ್ನುತ್ತದೆ. ಬಿಪಿ ಇದ್ದರೆ, ಕಿಡ್ನಿ ಸುಸ್ತಾಗಿದ್ದರೆ ಏರುತ್ತದೆ. ಕುಡಿತದಿಂದ, ಅದರಲ್ಲೂ ಬಿಯರಿನಿಂದ, ಏರುತ್ತದೆ. ಹೆಂಗಸರಲ್ಲಿ ಮುಟ್ಟು ನಿಂತ ಮೇಲೆ ಏರುತ್ತದೆ.

ಬಿಪಿ ಮಾತ್ರೆಯಿಂದಲೂ ಏರುತ್ತದೆ! ಇದನ್ನು ಕೇಳಿದರೆ ಜನ ಬೆಚ್ಚಿ ಬೀಳುತ್ತಾರೆ.

ನಮ್ಮಲ್ಲಿಗೆ ಬರುವ ಒಬ್ಬರು ನಿವೃತ್ತ ಮೇಷ್ಟ್ರು ಇದ್ದಾರೆ. ಅಚ್ಚುಕಟ್ಟು ಮನುಷ್ಯ. ರಿಪೋರ್ಟನ್ನು ಪ್ರಿಂಟ್ ತೆಗೆಸಿ, ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ತರುತ್ತಾರೆ. ಯೂರಿಕ್ ಆಸಿಡ್ 8.1, ಅದರ ಕೆಳಗೆ ಅವರೇ ಕೆಂಪು ಪೆನ್ನಿನಲ್ಲಿ ಗೆರೆ ಎಳೆದಿದ್ದರು, ಉತ್ತರಪತ್ರಿಕೆ ತಿದ್ದಿದ ಹಾಗೆ. ಅದು ಗೊತ್ತಾದ ದಿನದಿಂದ ಬೇಳೆ ಸಾರು ಬಿಟ್ಟಿದ್ದಾರೆ. ಟೊಮೇಟೊ ಇಲ್ಲ, ಪಾಲಕ್ ಇಲ್ಲ. ಅವರೇಕಾಯಿ ಕಾಲದಲ್ಲಿ ಹಾಸನದಲ್ಲಿದ್ದುಕೊಂಡು ಸೊಗಡವರೆ ಮುಟ್ಟಲಿಲ್ಲ ಅಂದರೆ ಎಂಥ ತಪಸ್ಸು ನೀವೇ ಯೋಚಿಸಿ. ಬಿಪಿ ಮಾತ್ರೆ ಮಾತ್ರ ತಲೆ ಭಾರ ಅನ್ನಿಸಿದ ದಿನ ತಗೊಳ್ಳುತ್ತಾರೆ. 'ದಿನಾ ನುಂಗಿದ್ರೆ ಅಭ್ಯಾಸ ಆಗ್ಬಿಡುತ್ತೆ' ಅಂತ. ಆ ಸ್ಟ್ರಿಪ್ಪನ್ನು ತಿರುಗಿಸಿ ತೋರಿಸಿದೆ. ಟೆಲ್ಮಿಸಾರ್ಟಾನ್ ಹೆಸರಿನ ಪಕ್ಕದಲ್ಲಿ ಒಂದು ಹೆಚ್ ಇತ್ತು. ಹೆಚ್ ಅಂದರೆ ಹೈಡ್ರೋಕ್ಲೋರೋಥಯಾಜೈಡ್, ಮೂತ್ರ ಜಾಸ್ತಿ ಮಾಡಿಸುವ ಔಷಧಿ. ಅದು ಯೂರಿಕ್ ಆಸಿಡ್ ಏರಿಸುತ್ತದೆ. ಹಾರ್ಟಿನವರು ದಿನಾ ತಗೊಳ್ಳುವ ಚಿಕ್ಕ ಆಸ್ಪಿರಿನ್ನೂ ಸ್ವಲ್ಪ ಏರಿಸುತ್ತದೆ. ಲೊಸಾರ್ಟಾನ್ ಎಂಬ ಬಿಪಿ ಮಾತ್ರೆ, ಗ್ಲಿಫ್ಲೋಜಿನ್ ಜಾತಿಯ ಶುಗರ್ ಮಾತ್ರೆಗಳು ಇಳಿಸುತ್ತವೆ.

ಇದನ್ನು ಓದಿ ಹೆಚ್ ಇರುವ ಮಾತ್ರೆಯನ್ನು ನಾಳೆಯೇ ಬಿಟ್ಟುಬಿಡಬೇಡಿ. ಬಿಪಿ ಹತೋಟಿಯಲ್ಲಿ ಇರುವುದರಿಂದ ಹೃದಯಕ್ಕೆ ಆಗುವ ಲಾಭ ಬಹಳ ದೊಡ್ಡದು. ಅದರ ಮುಂದೆ ಯೂರಿಕ್ ಆಸಿಡ್ ಅರ್ಧ ಅಂಕ ಏರುವುದು ಲೆಕ್ಕಕ್ಕೇ ಇಲ್ಲ. ಗೌಟ್ ಇರುವವರಾದರೆ ಡಾಕ್ಟರಿಗೆ ಹೇಳಿದರೆ ಬೇರೆ ಮಾತ್ರೆಗೆ ಬದಲಾಯಿಸುತ್ತಾರೆ. ಮೇಷ್ಟ್ರಿಗೆ ಗೌಟ್ ಇರಲಿಲ್ಲ. ಕೆಂಪು ಗೆರೆ ಎಳೆಯಬೇಕಾಗಿದ್ದ ಸಾಲು ಆ ರಿಪೋರ್ಟಿನಲ್ಲೇ ಇರಲಿಲ್ಲ. ಬಿಪಿಯನ್ನು ರಕ್ತ ಪರೀಕ್ಷೆಯಲ್ಲಿ ನೋಡುವುದಿಲ್ಲವಲ್ಲ!

ಈ ಬೇಳೆಯ ವಿಷಯ ಸ್ವಲ್ಪ ಹೇಳಲೇಬೇಕು. ಬೇಳೆಯಲ್ಲಿ, ಪಾಲಕ್‌ನಲ್ಲಿ ಪ್ಯೂರಿನ್ ಇರುವುದು ಹೌದು. ಹಾಗಂತ ಅವುಗಳಿಂದ ಗೌಟ್ ಬರುತ್ತದಾ? 2004ರಲ್ಲಿ ಅಮೆರಿಕದ 47 ಸಾವಿರ ಗಂಡಸರನ್ನು ವರ್ಷಗಟ್ಟಲೆ ಹಿಂಬಾಲಿಸಿದ ಅಧ್ಯಯನ ಬಂತು. ಮಾಂಸ, ಮೀನು ಜಾಸ್ತಿ ತಿಂದವರಿಗೆ ಗೌಟ್ ಜಾಸ್ತಿ ಬಂದಿತ್ತು. ಪ್ಯೂರಿನ್ ಇರುವ ತರಕಾರಿ, ಕಾಳು ತಿಂದವರಿಗೆ ಬಂದಿರಲಿಲ್ಲ. ಹಾಲು ಮೊಸರು ಜಾಸ್ತಿ ತಗೊಂಡವರಿಗೆ ಕಮ್ಮಿ ಬಂದಿತ್ತು. ಕಾಫಿ ಕುಡಿಯುವವರಿಗೂ ಕಮ್ಮಿ ಎಂದು ಆಮೇಲಿನ ಅಧ್ಯಯನಗಳು ಹೇಳಿದವು. ಸಕಲೇಶಪುರದ ಕಡೆಯವರು ಇದನ್ನು ಓದಿ ಇನ್ನೊಂದು ಲೋಟ ಬೆರೆಸಿಕೊಳ್ಳಬಹುದು. ಎಷ್ಟೇ ಕಟ್ಟುನಿಟ್ಟಾಗಿ ಪಥ್ಯ ಮಾಡಿದರೂ ಯೂರಿಕ್ ಆಸಿಡ್ ಇಳಿಯುವುದು ಸುಮಾರು 1 ಅಂಕ. ಅಷ್ಟಕ್ಕೆ ಬಡವರ ಮನೆಯಲ್ಲಿ ಇರುವ ಒಂದೇ ಪ್ರೋಟೀನನ್ನು ತಟ್ಟೆಯಿಂದ ತೆಗೆಸುವುದು ನನಗೆ ಅನ್ಯಾಯ ಅನ್ನಿಸುತ್ತದೆ.

ಬಿಡುವುದಾದರೆ ಬಿಡಬೇಕಾದ್ದು ಬೇರೆ ಇದೆ. ಯುಗಾದಿಯ ಮಾರನೇ ದಿನ ವರ್ಷತೊಡಕು. ಮಟನ್ ಜೊತೆಗೆ ಬೋಟಿ, ಲಿವರ್, ಕಾಲು ಸೂಪು, ಸಂಜೆ ಬಿಯರ್. ಅದಾಗಿ ಒಂದೆರಡು ದಿನಕ್ಕೆ ಕುಂಟುತ್ತಾ ಅಂಗಡಿಗೆ ಬರುವ ಕಾಲುಗಳನ್ನು ನಾನು ಪ್ರತಿ ವರ್ಷ ನೋಡುತ್ತೇನೆ. ಒಂದು ಕಾಲಿಗೆ ಶೂ, ಇನ್ನೊಂದಕ್ಕೆ ಹವಾಯಿ ಚಪ್ಪಲಿ. ಸಿಹಿ ಸೋಡಾ, ಬಾಟಲಿ ಜ್ಯೂಸುಗಳ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ. ಅದರಲ್ಲಿರುವ ಫ್ರಕ್ಟೋಸ್ ಎಂಬ ಸಕ್ಕರೆ ಲಿವರಿನಲ್ಲಿ ಒಡೆಯುವಾಗ ಯೂರಿಕ್ ಆಸಿಡ್ ತಾನಾಗೇ ಹುಟ್ಟುತ್ತದೆ. ಪ್ಯೂರಿನ್ ಇಲ್ಲದಿದ್ದರೂ ಯೂರಿಕ್ ಆಸಿಡ್ ಏರಿಸುವ ಜಾಣತನ ಅದಕ್ಕಿದೆ.

ಈಗ ಯೂರಿಕ್ ಆಸಿಡ್ ಇಳಿಸುವ ಮಾತ್ರೆ. ನಮ್ಮ ಕಡೆ ಬರೆಯುವುದು ಬಹುಪಾಲು ಫೆಬುಕ್ಸೋಸ್ಟಾಟ್ 40. ನೋವಿಲ್ಲ, ಗೌಟ್ ಇಲ್ಲ, ಕಿಡ್ನಿಯಲ್ಲಿ ಕಲ್ಲಿಲ್ಲ, ಬರೀ ಸಂಖ್ಯೆ ಜಾಸ್ತಿ ಎಂದು ಬರೆದ ಚೀಟಿಗಳೂ ಬರುತ್ತವೆ. ಕೆಲವರು ಚೀಟಿಯೂ ಇಲ್ಲದೆ ನೆಂಟರ ಹಳೆಯ ಸ್ಟ್ರಿಪ್ ಹಿಡಿದು ಬರುತ್ತಾರೆ. ಬರೀ ಸಂಖ್ಯೆಗೆ ಮಾತ್ರೆ ಬೇಡ ಎಂದು ಅಮೆರಿಕದ ಕೀಲುರೋಗ ತಜ್ಞರ ಸಂಘ 2020ರಲ್ಲಿ ಸಲಹೆ ಕೊಟ್ಟಿದೆ. ಹೃದಯ ಉಳಿಸಲು ಅಂತ ತಗೊಳ್ಳುವ ಈ ಮಾತ್ರೆಯ ಮೇಲೆಯೇ ಹೃದಯದ ಎಚ್ಚರಿಕೆ ಇದೆ ಎನ್ನುವುದು ಇನ್ನೂ ವಿಚಿತ್ರ. 2018ರ ಒಂದು ಪ್ರಯೋಗದಲ್ಲಿ ಗೌಟ್ ಮತ್ತು ಹೃದಯದ ಕಾಯಿಲೆ ಎರಡೂ ಇದ್ದ 6,190 ಜನರಿಗೆ ಫೆಬುಕ್ಸೋಸ್ಟಾಟ್ ಅಥವಾ ಅಲೋಪ್ಯೂರಿನಾಲ್ ಕೊಟ್ಟರು. ಫೆಬುಕ್ಸೋಸ್ಟಾಟ್ ಗುಂಪಿನಲ್ಲಿ ಹೃದಯದ ಕಾರಣಕ್ಕೆ ಸತ್ತವರು 100ಕ್ಕೆ 4.3, ಇನ್ನೊಂದರಲ್ಲಿ 3.2. ಅಮೆರಿಕದ ಔಷಧ ನಿಯಂತ್ರಕರು 2019ರಲ್ಲಿ ಔಷಧಿಯ ಮಾಹಿತಿ ಪತ್ರದಲ್ಲಿ ಕಪ್ಪು ಚೌಕದ ಎಚ್ಚರಿಕೆ ಹಾಕಿಸಿದರು. 2020ರಲ್ಲಿ ಯುರೋಪಿನ ಪ್ರಯೋಗವೊಂದು, ಅಷ್ಟು ಹೆದರಬೇಕಾಗಿಲ್ಲ, ಎರಡೂ ಒಂದೇ ಎಂದಿತು. ಹಾಗಾಗಿ ಗೌಟ್ ಇರುವವರು ಡಾಕ್ಟರ್ ಹೇಳಿದ್ದರೆ ಧೈರ್ಯವಾಗಿ ತಗೊಳ್ಳಿ. ಅಲೋಪ್ಯೂರಿನಾಲ್ ಅಗ್ಗದ ಹಳೆಯ ಔಷಧಿ. ಅದನ್ನು ತಯಾರಿಸಿದ ಗರ್ಟ್ರೂಡ್ ಎಲಿಯನ್ ಮತ್ತು ಜಾರ್ಜ್ ಹಿಚಿಂಗ್ಸ್ ಅವರಿಗೆ 1988ರಲ್ಲಿ ನೊಬೆಲ್ ಬಂತು. ಅದಕ್ಕೂ ಒಂದು ಕಾಟ ಇದೆ, ಅಪರೂಪಕ್ಕೆ ಕೆಲವರಿಗೆ ಮೈ ಚರ್ಮವೇ ಸುಲಿಯುವಂಥ ರಿಯಾಕ್ಷನ್ ಆಗುತ್ತದೆ. ಶುರು ಮಾಡಿದ ಮೊದಲ ವಾರಗಳಲ್ಲಿ ಮೈಮೇಲೆ ದದ್ದು ಬಂದರೆ ಮಾತ್ರೆ ನಿಲ್ಲಿಸಿ ತಕ್ಷಣ ಡಾಕ್ಟರ ಹತ್ತಿರ ಓಡಬೇಕು.

ಗೌಟ್ ಇರುವವರ ಹೃದಯದ ಕಥೆ ಮಾತ್ರ ಬೇರೆ. ಅಲ್ಲಿ ನಿಜವಾಗಿ ಎಚ್ಚರ ಬೇಕು. 2022ರಲ್ಲಿ ಬ್ರಿಟನ್ನಿನ 62,574 ಗೌಟ್ ರೋಗಿಗಳ ದಾಖಲೆ ನೋಡಿದಾಗ ಒಂದು ವಿಷಯ ಗೊತ್ತಾಯಿತು. ಹಾರ್ಟ್ ಅಟ್ಯಾಕ್ ಅಥವಾ ಸ್ಟ್ರೋಕ್ ಆದವರಲ್ಲಿ, ಅದಕ್ಕೆ ಹಿಂದಿನ 60 ದಿನಗಳಲ್ಲಿ ಗೌಟ್ ಕೆರಳಿದ್ದ ಸಾಧ್ಯತೆ ಉಳಿದವರ ಹತ್ತಿರ ಹತ್ತಿರ ಎರಡು ಪಟ್ಟು. 120 ದಿನದವರೆಗೂ ಅಪಾಯ ಸ್ವಲ್ಪ ಉಳಿದೇ ಇರುತ್ತದೆ. ಹೆಬ್ಬೆರಳು ಊದಿದಾಗ ಉರಿಯೂತ ಬರೀ ಹೆಬ್ಬೆರಳಿನಲ್ಲಿ ಇರುವುದಿಲ್ಲ. ರಕ್ತದಲ್ಲೆಲ್ಲ ಅದರ ರಾಸಾಯನಿಕಗಳು ಓಡಾಡುತ್ತವೆ. ರಕ್ತನಾಳದ ಗೋಡೆಯಲ್ಲಿ ಮೊದಲೇ ಕೊಬ್ಬಿನ ಗಡ್ಡೆ ಇದ್ದರೆ ಅದು ಒಡೆಯಲು ಇಷ್ಟು ಸಾಕು ಎನ್ನುವುದು ತಜ್ಞರ ಊಹೆ.

ಅಂಥ ಹೊತ್ತಿನಲ್ಲಿ ನಮ್ಮವರು ಮಾಡುವುದೇನು? ಸೀದಾ ಬಂದು ಡೈಕ್ಲೋಫೆನಾಕ್ ಕೇಳುತ್ತಾರೆ. ಬೇಗ ನೋವು ಇಳಿಯುತ್ತದೆ, ಸರಿ. ಆದರೆ ಹೃದಯದ ಕಾಯಿಲೆ ಇರುವವರು ತಗೊಳ್ಳಲೇಬಾರದ ನೋವಿನ ಮಾತ್ರೆ ಅದು. ಸ್ಟೆಂಟ್ ಹಾಕಿಸಿಕೊಂಡವರೂ ಬಂದು ಕೇಳುತ್ತಾರೆ. ಇಲ್ಲ ಅಂದರೆ ಪಕ್ಕದ ಅಂಗಡಿಗೆ ಹೋಗುತ್ತಾರೆ. ಬೇಸರ ನನಗೆ ಅಲ್ಲಿ. ಯೂರಿಕ್ ಆಸಿಡ್ ಹಾರ್ಟಿಗೆ ಕೆಟ್ಟದ್ದು ಅಂತ ಅವರೇಕಾಳು ಬಿಟ್ಟವರು, ಹಾರ್ಟಿಗೆ ನಿಜಕ್ಕೂ ಕೆಟ್ಟದ್ದನ್ನು ಚಿಲ್ಲರೆ ಕೊಟ್ಟು ಕೊಂಡು ನುಂಗುತ್ತಾರೆ.

ಗೌಟ್ ಕೆರಳಿದಾಗ ಕೊಡುವ ಇನ್ನೊಂದು ಹಳೆಯ ಔಷಧಿ ಕೊಲ್ಚಿಸಿನ್. ಹೃದಯದ ಕಡೆಗೆ ಹೊರಳಿದ್ದು ಇದೇ. ಮಲೆನಾಡಿನ ಬೇಲಿಗಳಲ್ಲಿ ಭಾದ್ರಪದದ ಹೊತ್ತಿಗೆ ಕೆಂಪು ಹಳದಿ ಜ್ವಾಲೆಯ ಹಾಗೆ ಅರಳುವ ಗೌರಿ ಹೂ ಗೊತ್ತಲ್ಲ, ಅಗ್ನಿಶಿಖೆ ಎಂದೂ ಹೇಳುತ್ತಾರೆ, ಅದರ ಗೆಡ್ಡೆಯಲ್ಲಿ, ಬೀಜದಲ್ಲಿ ಇರುವುದು ಇದೇ ಕೊಲ್ಚಿಸಿನ್. ಗೆಡ್ಡೆ ತಿಂದರೆ ಜೀವವೇ ಹೋಗಬಹುದು. ಕೊಲ್ಚಿಸಿನ್ ಮಾತ್ರೆ ಯೂರಿಕ್ ಆಸಿಡನ್ನು ಒಂದಿಷ್ಟೂ ಇಳಿಸುವುದಿಲ್ಲ, ಉರಿಯೂತವನ್ನು ಮಾತ್ರ ತಣಿಸುತ್ತದೆ. 2020ರಲ್ಲಿ ಆಸ್ಟ್ರೇಲಿಯಾ ಮತ್ತು ನೆದರ್ಲೆಂಡ್ಸ್‌ನ 5,522 ಹೃದಯರೋಗಿಗಳಲ್ಲಿ ಅರ್ಧ ಜನರಿಗೆ ದಿನಕ್ಕೆ ಅರ್ಧ ಮಿಲಿಗ್ರಾಂ ಕೊಟ್ಟು ನೋಡಿದಾಗ, ಹಾರ್ಟ್ ಅಟ್ಯಾಕ್‌ನಂಥ ತೊಂದರೆ ತಗೊಳ್ಳದವರಲ್ಲಿ 100ಕ್ಕೆ 9.6, ತಗೊಂಡವರಲ್ಲಿ 6.8. 2023ರಲ್ಲಿ ಅಮೆರಿಕದಲ್ಲಿ ಹೃದಯಕ್ಕೆ ಅಂತಲೇ ಒಪ್ಪಿಗೆ ಸಿಕ್ಕಿತು. 2024ರಲ್ಲಿ 7 ಸಾವಿರ ಜನರ ಇನ್ನೊಂದು ಪ್ರಯೋಗದಲ್ಲಿ, ಹಾರ್ಟ್ ಅಟ್ಯಾಕ್ ಆದ ಕೂಡಲೇ ಶುರು ಮಾಡಿದರೆ ಏನೂ ಲಾಭ ಕಾಣಲಿಲ್ಲ. ಯಾರಿಗೆ ಕೊಡಬೇಕು, ಯಾವಾಗ ಕೊಡಬೇಕು ಎಂದು ಹೃದಯದ ಡಾಕ್ಟರುಗಳು ಇನ್ನೂ ಚರ್ಚೆ ಮಾಡುತ್ತಿದ್ದಾರೆ.

ಇಷ್ಟು ಓದಿ ಯಾರಾದರೂ ನಾಳೆ ಬೆಳಿಗ್ಗೆ ಅದನ್ನೂ ಕೇಳಿಕೊಂಡು ಬರುತ್ತಾರೆ, ನನಗೆ ಗೊತ್ತು. ಕಿಡ್ನಿ ಸರಿ ಇಲ್ಲದವರಿಗೆ ಅದು ಮೈಯಲ್ಲೇ ಉಳಿದು ವಿಷವಾಗುತ್ತದೆ. ಕೆಮ್ಮು ನೆಗಡಿಗೆ ಬರೆಯುವ ಕ್ಲಾರಿಥ್ರೋಮೈಸಿನ್ ಜೊತೆ ಸೇರಿದರೂ ಅಷ್ಟೇ. ಚೀಟಿ ಇಲ್ಲದೆ ಬಂದು ಕೇಳಬೇಡಿ, ಕೊಡುವುದಿಲ್ಲ. ಬಿಪಿ ನೋಡುವ ಮೆಷಿನ್ ಕೌಂಟರಿನ ಬಲಗಡೆ ಇದೆ, ಅದಕ್ಕೆ ಚೀಟಿಯೂ ಬೇಡ, ದುಡ್ಡೂ ಬೇಡ.